ನೀರು ಕುಡಿದ ನೆಲ

ಹೊಸನಗರದ ಪೇಟೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ನಾನೊಬ್ಬಳೇ. ಮೂರು ವರ್ಷದ ಹಿಂದೆ, ದೀಪಾವಳಿ ಹತ್ತಿರ ಬಂದಾಗ, ಯಂತ್ರದ ಕೆಳಗಿನ ಕಾಂಕ್ರೀಟ್ ನೆಲ ಬಿರುಕು ಬಿಟ್ಟು ಒಂದು ಮೂಲೆ ತಗ್ಗಿತು. ಯಂತ್ರ ವಾಲಿ ಬೆಲ್ಟು ಮತ್ತೆ ಮತ್ತೆ ಕಳಚತೊಡಗಿತು.

ಮೇಳಿಗೆ ಊರಿನಿಂದ ಒಬ್ಬರು ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅರವತ್ತು ದಾಟಿದವರು, ಮಾತು ಕಡಿಮೆ. ಬಂದವರೇ ಮಂಡಿಯೂರಿ ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತಾ ಹೋದರು. ಬಾಗಿಲ ಬಳಿ ಗಟ್ಟಿಯಾಗಿದ್ದ ಸದ್ದು ಯಂತ್ರದ ಹತ್ತಿರ ಬಂದಾಗ ಖಾಲಿ ಡಬ್ಬ ಬಡಿದಂತಾಯಿತು.

“ಅಮ್ಮಾ, ಇದು ಮೇಲಿನ ಕಾಯಿಲೆ ಅಲ್ಲ. ಒಡೆದು ನೋಡ್ಬೇಕು.”

“ಹಬ್ಬದ ಹಿಟ್ಟು ಯಾರು ಬೀಸ್ತಾರೆ ಮಾರಾಯ್ರೆ? ಈಗ ಸಮ ಮಾಡ್ಕೊಡಿ. ಉಳಿದದ್ದು ಆಮೇಲೆ ನೋಡುವ.”

“ಕಣ್ಣಿಗೆ ಸಮ ಆಗ್ತದೆ, ಅಷ್ಟೆ” ಎಂದರು.

ನಾನು ಹಟ ಬಿಡಲಿಲ್ಲ. ಅವರು ಯಂತ್ರವನ್ನು ಪಕ್ಕಕ್ಕೆ ಜರುಗಿಸಿ, ಸಡಿಲವಾದ ಕಾಂಕ್ರೀಟ್ ಕೆತ್ತಿ ತೆಗೆದು, ತೊಳೆದು, ಹೊಸ ಪದರ ಹಾಕಿ, ಪಟ್ಟಿ ಎಳೆದು ನುಣುಪು ಮಾಡಿದರು. ಐದು ದಿನ ಒದ್ದೆ ಗೋಣಿ ಹೊದಿಸಿಟ್ಟೆ. ಗಿರಣಿ ಮತ್ತೆ ತಿರುಗಿತು.

ಹಬ್ಬ ಮುಗಿದ ವಾರಕ್ಕೆ ಹೊಸ ನೆಲದಲ್ಲಿ ಕೂದಲಿನಷ್ಟು ಸಣ್ಣ ಗೆರೆ ಮೂಡಿತು. ದಿನ ಕಳೆದಂತೆ ಅಗಲವಾಯಿತು. ಸಂಜೆ ಗುಡಿಸುವಾಗ ಅದರೊಳಗೆ ಹಿಟ್ಟು ತುಂಬಿ ಬೆಳ್ಳಗೆ ಕಾಣುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಗೆರೆ ಕಪ್ಪಗೆ, ಖಾಲಿ. ಹಿಟ್ಟು ಎಲ್ಲಿಗೆ ಹೋಯಿತು? ಯಾರಿಗೂ ಹೇಳಲಿಲ್ಲ. ಮೇಲೊಂದು ಗೋಣಿ ಹಾಸಿದೆ. ಡಬ್ಬ ಹಿಡಿದು ಬಂದ ಹೆಂಗಸರು ಅದರ ಮೇಲೆಯೇ ನಿಂತು ಮಾತಾಡುವಾಗ ಏನಾದರೂ ನೆಪ ಹೇಳಿ ಬಾಗಿಲ ಬಳಿಗೆ ಕರೆಯುತ್ತಿದ್ದೆ. ಗೋಣಿ ಹಾಸಿದ ಮೂರನೆಯ ದಿನ ತಡೆಯಲಾರದೆ ಮೇಸ್ತ್ರಿಗೆ ಫೋನ್ ಮಾಡಿದೆ. ಸಾಗರದಲ್ಲಿ ಕೆಲಸದಲ್ಲಿದ್ದವರು ಅಲ್ಲಿಂದ ನೇರ ಬಸ್ಸು ಹತ್ತಿ ಬಂದರು.

ಬಿರುಕಿಗೆ ಒಂದು ಬಕೆಟ್ ನೀರು ಸುರಿದರು. ಒಂದಿಷ್ಟೂ ನಿಲ್ಲಲಿಲ್ಲ. ಎರಡನೆಯದೂ ಹಾಗೇ ಹೋಯಿತು.

“ಎಲ್ಲಿಗೆ ಹೋಗ್ತಾ ಇದೆ?” ಎಂದೆ.

“ಅದನ್ನೇ ನೋಡ್ಬೇಕು. ಮೊದ್ಲು ಯಂತ್ರ ಹೊರಗೆ ಹಾಕ್ಸಿ. ಯಾರೂ ಒಳಗೆ ಬರ್ಬೇಡಿ.”

ಹಮಾಲರು ಯಂತ್ರವನ್ನು ಜಗುಲಿಗೆ ಎಳೆದು ಹಾಕಿದರು. ಮೇಸ್ತ್ರಿ ಉದ್ದನೆಯ ಹಲಗೆಯೊಂದನ್ನು ಅಡ್ಡ ಹಾಸಿ, ಅದರ ಮೇಲೆ ಕೂತು ಉಳಿ ಇಟ್ಟು ಹೊಡೆದರು. ಮೂರನೆಯ ಏಟಿಗೆ ಹಲಗೆಯ ಎರಡೂ ಪಕ್ಕದ ನೆಲ ಒಳಕ್ಕೆ ಇಳಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅವರು ಜಾರಿ, ಹಲಗೆಯನ್ನು ಕಂಕುಳಲ್ಲಿ ಅವಚಿಕೊಂಡು ನೇತಾಡುತ್ತಿದ್ದರು. ನಾನು ಬಾಗಿಲ ಬಳಿಯ ಗಟ್ಟಿ ನೆಲದಲ್ಲಿ ಮಲಗಿ, ಕೈ ಚಾಚಿ ಅವರ ಅಂಗಿ ಹಿಡಿದು ಕೂಗಿದೆ. ಪಕ್ಕದ ಅಂಗಡಿಯ ದರ್ಜಿ ಓಡಿ ಬಂದ. ಇಬ್ಬರೂ ಸೇರಿ ಎಳೆದುಕೊಂಡೆವು. ಮೇಸ್ತ್ರಿಯ ಮೊಣಕಾಲಿನ ಚರ್ಮ ಸುಲಿದಿತ್ತು, ಅಷ್ಟೆ.

ಗುಂಡಿ ಆಳೆತ್ತರಕ್ಕಿಂತ ಆಳವಿತ್ತು. ತಳದಲ್ಲಿ ನನ್ನ ಹಿಟ್ಟು ನೀರು ಕುಡಿದು ಗಂಜಿಯಾಗಿ ಬಿದ್ದಿತ್ತು. ಗಿರಣಿಯ ಹಿಂಬದಿಯ ಚರಂಡಿ ಒಡೆದು, ನೀರು ಎಷ್ಟೋ ವರ್ಷದಿಂದ ನೆಲದಡಿಯ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತಂತೆ.

“ನಿಮ್ಮ ಮಾತು ಕೇಳ್ಬೇಕಿತ್ತು” ಎಂದೆ.

“ನಾನೂ ಒಪ್ಪಬಾರ್ದಿತ್ತು” ಎಂದರು ಮೇಸ್ತ್ರಿ.

ಚರಂಡಿ ಸರಿಪಡಿಸಿ, ಗುಂಡಿಗೆ ಕಲ್ಲು ತುಂಬಿ, ಪದರ ಪದರವಾಗಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಕಬ್ಬಿಣ ಕಟ್ಟಿ ಹೊಸ ಕಾಂಕ್ರೀಟ್ ಹಾಕಲು ಒಂದು ತಿಂಗಳೇ ಹಿಡಿಯಿತು. ಕೊನೆಯ ದಿನ ಮೇಸ್ತ್ರಿ ರಸಮಟ್ಟ ಇಟ್ಟು ನಾಲ್ಕೂ ಮೂಲೆ ಸಮವಿದೆಯೇ ಎಂದು ನೋಡಿದರು. ಆಮೇಲೆ ದರ್ಜಿಯ ಕಡೆಯ ಗೋಡೆಯ ಬುಡ ತಟ್ಟುತ್ತಾ ಹೋಗಿ, ಒಂದು ಕಡೆ ನಿಂತರು.

“ಅಮ್ಮಾ, ಮಣ್ಣು ಹೋಗಿರೋದು ಇಲ್ಲಿಗೇ ನಿಂತಿಲ್ಲ. ಅವ್ರಿಗೆ ಹೇಳಿ.”

ಅಂದೇ ಹೇಳಿದೆ. ದರ್ಜಿ ನಕ್ಕ. “ನಮ್ದು ಟೈಲ್ಸ್ ಹಾಕಿದ ನೆಲ ಅಕ್ಕ, ಎಂತ ಆಗ್ತದೆ? ಮದುವೆ ಸೀಸನ್ ಮುಗೀಲಿ, ನೋಡುವ.”

ಗದರಿಸಬೇಕೆನಿಸಿತು. ಆದರೆ ಅದೇ ಮಾತನ್ನು ನಾನೇ ಆಡಿದ್ದೆ. ದಿನಾ ಒಂದು ಸಲ ಹೋಗಿ ನೆನಪಿಸಿ ಬರುತ್ತಿದ್ದೆ.

ಎಂಟನೆಯ ದಿನ ಅವನೇ ಬಂದ. ಮುಖದಲ್ಲಿ ನಗು ಇರಲಿಲ್ಲ.

“ಅಕ್ಕ, ಬೆಳಗ್ಗೆಯಿಂದ ಬಾಗಿಲು ಹಾಕ್ಲಿಕ್ಕೆ ಬರ್ತಿಲ್ಲ. ಚೌಕಟ್ಟು ವಾಲಿದೆ. ಆ ಮೇಸ್ತ್ರಿ ನಂಬರ್ ಕೊಡಿ.”

“ಒಳಗೆ ಯಾರಿದ್ದಾರೆ?”

“ಹೊಲಿಯೋ ಹುಡ್ಗೀರು ಮೂವರು.”

ನಂಬರು ಕೊಡುತ್ತಾ ನಿಲ್ಲಲಿಲ್ಲ. ಓಡಿಹೋಗಿ ಹೊಸ್ತಿಲಾಚೆಯಿಂದಲೇ ಆ ಹುಡುಗಿಯರನ್ನು ಒಬ್ಬೊಬ್ಬರಾಗಿ, ಆಚೆ ಬದಿಯ ಗೋಡೆ ಹಿಡಿದುಕೊಂಡು ಬರುವಂತೆ ಹೊರಗೆ ಕರೆದೆ. ಅರ್ಧ ಹೊಲಿದ ರವಿಕೆಗಳನ್ನು ಹಿಡಿದು ಅವರು ರಸ್ತೆಯಲ್ಲಿ ನಿಂತರು. ಒಳಗೆ, ಕೋಣೆಯ ನಡುವಿನ ಒಂದು ಟೈಲ್ ಟಕ್ ಎಂದು ಸೀಳಿತು.