ನೋರಾಳ ತಮ್ಮನ ಊರಿನಲ್ಲಿ ಒಂದು ದಿನ

ಹಿಲ್ಡಾ ಬಂಟ್ವಾಳದವಳು. ಐರ್ಲೆಂಡಿನ ಕಾರ್ಕ್ ನಗರದಂಚಿನ ಲಿಟಲ್ ಐಲ್ಯಾಂಡ್‌ನಲ್ಲಿ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ವಾಸ ನೋರಾ ಎಂಬ ಒಂಟಿ ಮುದುಕಿಯ ಮನೆಯ ಮಹಡಿಯಲ್ಲಿ. ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಇಬ್ಬರೂ ಮೇಜಿನ ಎರಡು ತುದಿಗಳಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನೋರಾ ತಮ್ಮನ ವಿಷಯ ತೆಗೆದದ್ದು ಆಗಲೇ. ಮನೆಬಾಗಿಲಿಗೆ ಬಂದ ಮಾರ್ಮನ್ ಎಂಬ ಪಂಥದ ಪ್ರಚಾರಕರ ಮಾತಿಗೆ ಮನಸೋತ ಡೆನಿಸ್, ಇಪ್ಪತ್ತರ ವಯಸ್ಸಿನಲ್ಲಿ ಅವರ ಧರ್ಮದ ಊರಾದ ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಹೊರಟುಹೋಗಿದ್ದ. ಅವನ ಕಾಗದಗಳನ್ನೆಲ್ಲ ಕಟ್ಟಾ ಕ್ಯಾಥೊಲಿಕ್ ಆದ ಅಪ್ಪ ಒಲೆಗೆ ಹಾಕಿದ. ಆಮೇಲೆ ಐವತ್ತು ವರ್ಷ ಸುದ್ದಿಯಿಲ್ಲ.

2020ರ ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಹೋದ ನೋರಾ ತಿರುಗಿ ಬರಲಿಲ್ಲ. ಮಣ್ಣಿಗೆ ಹೋಗಲು ಹಿಲ್ಡಾಗೆ ಅವಕಾಶ ಸಿಗಲಿಲ್ಲ. ಹೆಣದ ಕಾರು ಮನೆಮುಂದೆ ಹಾಯುವಾಗ ಹಳದಿ ರೇನ್‌ಕೋಟ್ ತೊಟ್ಟು ಗೇಟಿನಲ್ಲಿ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು. ಆ ಉದ್ದ ರಸ್ತೆಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ.

ಮರುವರ್ಷದ ನವೆಂಬರ್ ಕೊನೆಗೆ ಕಂಪನಿ ಅವಳನ್ನು ಅದೇ ಸಾಲ್ಟ್ ಲೇಕ್ ಸಿಟಿಗೆ ಕಳಿಸಿತು. ಶನಿವಾರ ಬಿಡುವು; ಊರು ನೋಡಲು ಹೊರಟಳು. ರಿಪೇರಿಗಾಗಿ ಮೈತುಂಬ ಕಬ್ಬಿಣದ ಅಟ್ಟಣಿಗೆ ಕಟ್ಟಿಕೊಂಡ ಮಾರ್ಮನ್ನರ ಮಹಾಮಂದಿರ, ಆಚೆ ಬದಿಯವರ ಮುಖ ಕಾಣದಷ್ಟು ಅಗಲದ ರಸ್ತೆಗಳು, ಎಲ್ಲಿ ತಿರುಗಿದರೂ ತುದಿಯಲ್ಲಿ ಹಿಮದ ಬೆಟ್ಟ. ಎಲ್ಲವೂ ಗುಡಿಸಿಟ್ಟ ಹಾಗೆ ಸ್ವಚ್ಛ, ಸದ್ದಿಲ್ಲ. ಲೋಕದ ಸತ್ತವರ ಹೆಸರುಗಳನ್ನು ಸಂಗ್ರಹಿಸಿಡುವ ಅವರ ಗ್ರಂಥಾಲಯಕ್ಕೂ ಹೋದಳು. ಮಾಸ್ಕ್ ಹಾಕಿದ ವೃದ್ಧರೊಬ್ಬರು, ಯಾರನ್ನು ಹುಡುಕಬೇಕು ಎಂದು ಕೇಳಿದರು. ಬಾಯಿಗೆ ಬಂದದ್ದು ಡೆನಿಸ್‌ನ ಹೆಸರು. ಹತ್ತೇ ನಿಮಿಷದಲ್ಲಿ ಮರಣವಾರ್ತೆ ಸಿಕ್ಕಿತು, ಜೊತೆಗೆ ಮನೆಯ ವಿಳಾಸ. ಅವನು ಸತ್ತ ತಾರೀಕನ್ನು ಅವಳು ಎರಡು ಸಲ ಓದಿದಳು. ನೋರಾಳನ್ನು ಮಣ್ಣು ಮಾಡಿದ ದಿನವೇ.

ಮನೆ ದಿಬ್ಬದ ಮೇಲಿತ್ತು. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಐವತ್ತರ ಆಸುಪಾಸಿನ ಹೆಂಗಸು. ಹಣೆ ಥೇಟ್ ನೋರಾಳದು. ಹಿಲ್ಡಾಳನ್ನು ನೋಡಿದವಳೇ ಚೌಕಟ್ಟು ಹಿಡಿದುಕೊಂಡಳು.

"ನಿಮ್ಮ ಹಳದಿ ಕೋಟು ಎಲ್ಲಿ?" ಎಂದು ಕೇಳಿದಳು.

ಅವಳು ಡೆನಿಸ್‌ನ ಮಗಳು ರೂತ್. ಆ ದಿನ ಆಸ್ಪತ್ರೆಯ ನರ್ಸ್ ಹಿಡಿದ ಫೋನಿನಲ್ಲಿ ಅಪ್ಪ ಕೊನೆಯದಾಗಿ ಆಡಿದ ಮಾತನ್ನು ಅವಳು ಹಿಲ್ಡಾಳನ್ನು ಕೂರಿಸಿಕೊಂಡು ಹೇಳಿದಳು: ಅಕ್ಕನನ್ನು ಒಯ್ಯುತ್ತಿದ್ದಾರೆ, ಗೇಟಿನಲ್ಲಿ ಹಳದಿ ಕೋಟಿನ ಕಪ್ಪು ಹುಡುಗಿ ಒಬ್ಬಳೇ ನಿಂತಿದ್ದಾಳೆ. ನೋರಾ ಸತ್ತ ಸುದ್ದಿ ಅಲ್ಲಿ ಯಾರಿಗೂ ತಲುಪಿರಲಿಲ್ಲ.

ಹೋಟೆಲಿಗೆ ಬಂದು ಹಿಲ್ಡಾ ಐರ್ಲೆಂಡಿನದೇ ಅತ್ಲೋನ್ ಊರಿನಲ್ಲಿದ್ದ ಅಣ್ಣ ಪೀಟರ್‌ಗೆ ಫೋನ್ ಮಾಡಿದಳು.

"ಯಾರಾದ್ರೂ ಫೋಟೋ ತೆಗ್ದು ಫೇಸ್‌ಬುಕ್ಕಿಗೆ ಹಾಕಿರ್ಬೇಕು ಮಾರಾಯ್ತಿ," ಎಂದ ಅವನು.

"ತೆಗೀಲಿಕ್ಕೆ ಯಾರಿದ್ರು? ರಸ್ತೆಯಲ್ಲಿ ನಾನೊಬ್ಳೇ ಇದ್ದದ್ದು."

ಜಪಸರದ ಪ್ರಾರ್ಥನೆ ಹೇಳಿ ಮಲಗು ಎಂದ ಪೀಟರ್.

ಮುಂದಿನ ಜೂನ್‌ನಲ್ಲಿ ರೂತ್ ಕಾರ್ಕ್‌ಗೆ ಬಂದಳು. ಐರ್ಲೆಂಡಿನ ನೆಲ ಮೆಟ್ಟಿದ್ದು ಅವಳ ಜೀವಮಾನದಲ್ಲೇ ಮೊದಲು. ಹಿಲ್ಡಾ ಅವಳನ್ನು ಸ್ಮಶಾನಕ್ಕೆ ಕರೆದೊಯ್ದು, ಗೋರಿ ಯಾವ ಕಡೆ ಎಂದು ತೋರಿಸಲು ಕೈ ಎತ್ತಿದಳು. ಅಷ್ಟರಲ್ಲಿ ರೂತ್ ಮುಂದೆ ಹೊರಟಾಗಿತ್ತು. ಎರಡು ಸಾಲು ದಾಟಿ, ಎಡಕ್ಕೆ ತಿರುಗಿ, ಎಲ್ಲೂ ತಡವರಿಸದೆ ನಡೆದು, ಇನ್ನೂ ಹೆಸರು ಕೆತ್ತಿಸದ ನೋರಾಳ ಗೋರಿಯ ಮುಂದೆ ಮಂಡಿಯೂರಿದಳು.