ನಲವತ್ತೇಳನೆಯ ಹುಣಸೆ

ನಿವೃತ್ತನಾದ ಮೇಲೆ ಮನುಷ್ಯ ಕೈಗೊಳ್ಳಬಹುದಾದ ಕೆಲಸಗಳಲ್ಲಿ ಗಿಡ ಎಣಿಸುವುದು ಅತ್ಯಂತ ನಿರುಪದ್ರವಿಯಾದದ್ದು ಎಂದು ನಾನು ಬಹಳ ದಿನ ನಂಬಿದ್ದೆ. ಗಿಡ ಓಡಿಹೋಗುವುದಿಲ್ಲ, ಎದುರು ಮಾತಾಡುವುದಿಲ್ಲ, ಹಾಜರಿ ಕರೆದಾಗ ಪಕ್ಕದ ಗಿಡದ ಪರವಾಗಿ ‘ಎಸ್ ಸರ್’ ಎನ್ನುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಮುದುಕನಾದ ನನಗೆ ಇಷ್ಟು ಶಿಸ್ತಿನ ತರಗತಿ ಸೇವಾವಧಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಅಥಣಿಯಲ್ಲಿ ನಮ್ಮ ವೃಕ್ಷ ಸಮಿತಿ ಹುಟ್ಟಿದ್ದು, ಮಿರಜ ಕಡೆಗೆ ಹೋಗುವ ರಸ್ತೆಯನ್ನು ಊರೊಳಗೆ ಅಗಲ ಮಾಡಿ ಮಗ್ಗುಲಿಗೆ ಚರಂಡಿ ತೋಡುತ್ತಾರೆಂಬ ಸುದ್ದಿ ಬಂದಾಗ. ಸಮಿತಿಯಲ್ಲಿ ಒಟ್ಟು ಇಬ್ಬರು. ನಾನು ಅಧ್ಯಕ್ಷ. ನನ್ನ ಬಾಲ್ಯದ ಗೆಳೆಯರೂ ನಿವೃತ್ತ ಪೋಸ್ಟ್ ಮಾಸ್ತರರೂ ಆದವರು ಕಾರ್ಯದರ್ಶಿ. ಸಾಮಾನ್ಯ ಸದಸ್ಯರು ಯಾರೂ ಇಲ್ಲದ್ದರಿಂದ ಸಭೆಗಳು ಗೌರವಯುತವಾಗಿ ನಡೆಯುತ್ತಿದ್ದವು. ಕಾರ್ಯದರ್ಶಿಗಳು ಬಹಳ ವರ್ಷ ನಿಪ್ಪಾಣಿಯಲ್ಲಿ ಕೆಲಸ ಮಾಡಿದವರಾದ್ದರಿಂದ ಸಿಟ್ಟು ಬಂದರೆ ಮರಾಠಿಗೆ ಹೊರಳುತ್ತಾರೆ. ಅವರು ಕನ್ನಡದಲ್ಲಿರುವ ತನಕ ಸಭೆ ಸುಸೂತ್ರ ಎಂದು ನಾನು ತಿಳಿಯುತ್ತಿದ್ದೆ.

ರಸ್ತೆಯ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಹೆಣ್ಣುಮಗಳನ್ನು ನಾವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭೇಟಿಯಾದೆವು. ಹಾಸನದ ಕಡೆಯವರು, ಇಲ್ಲಿಗೆ ಬಂದು ವರ್ಷವಾಗಿತ್ತಷ್ಟೆ. ಹೆಣ್ಣುಮಕ್ಕಳನ್ನು ಗೌರವದಿಂದ ‘ಬಾಯಿ’ ಎನ್ನುವ ನಮ್ಮ ಕಡೆಯ ರೂಢಿಯಂತೆ ನಮಗೆ ಅವರು ಎಂಜಿನಿಯರ್ ಬಾಯಿ. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ರಸ್ತೆಯ ಅಂಚಿನ ಪ್ರತಿ ಗಿಡಕ್ಕೂ ಒಂದು ಅಂಕಿ ಹಾಕಿ, ಅದೇ ಅಂಕಿಯನ್ನು ಪುಸ್ತಕದಲ್ಲಿ ಬರೆದು, ಜಾತಿ ಮತ್ತು ಸುತ್ತಳತೆ ನಮೂದಿಸಿ ಕೊಡಿರಿ. ನಾನು ಒಂದು ದಿನ ನಡೆದು ತಾಳೆ ನೋಡುತ್ತೇನೆ. ತಾಳೆಯಾದ ಗಿಡವನ್ನು ಚರಂಡಿಯ ಗೆರೆ ಬಳಸಿ ಹೋಗುತ್ತದೆ. ತಾಳೆಯಾಗದಿದ್ದರೆ ಗೆರೆ ನೆಟ್ಟಗೆ ಹೋಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಅಂಕಿ ಹೇಗೆ ಹಾಕಬೇಕೆಂಬುದು ಸಮಿತಿಯ ಮುಂದಿನ ಗಹನ ಪ್ರಶ್ನೆ. ರಾಯಬಾಗದಲ್ಲಿ ಇಂಥದೇ ಹುಚ್ಚು ಹಚ್ಚಿಕೊಂಡಿದ್ದ ಹಳೆಯ ಸಹೋದ್ಯೋಗಿಯೊಬ್ಬರು, ತಗಡಿನ ಬಿಲ್ಲೆ ಮಾಡಿಸಿ ಮೊಳೆ ಹೊಡೆಯಿರಿ ಎಂದು ಫೋನಿನಲ್ಲಿ ಹೇಳಿದರು. ಗಿಡ ಉಳಿಸುವವರು ಮೊಳೆ ಹಿಡಿದುಕೊಂಡು ಹೋಗುವುದು ಶೋಭಿಸದೆಂದು ಸಮಿತಿ ಒಮ್ಮತದಿಂದ ನಿರ್ಣಯಿಸಿತು. ನಮ್ಮ ಮನೆಯ ಗೇಟಿಗೆ ಹಚ್ಚಿ ಅರ್ಧ ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ಇತ್ತು. ಕಪ್ಪು ತೊಗಟೆಯ ಮೇಲೆ ಕೆಂಪು ಎದ್ದು ಕಾಣುತ್ತದೆ ಎಂದು ನಾನೇ ಸೂಚಿಸಿ ನಾನೇ ಅನುಮೋದಿಸಿದೆ. ಮುಂದಿನ ಎಲ್ಲ ಅವಾಂತರದ ಮೂಲ ಆ ಡಬ್ಬಿ.

ಮಿರಜ ರಸ್ತೆಯಲ್ಲಿ ಹಿಂದೆ ಸಾಲು ಹುಣಸೆಗಳಿದ್ದವು. ಊರ ಮಿತಿಯೊಳಗೆ ಈಗ ಉಳಿದದ್ದು ಒಂದೇ. ಅದರ ಬುಡದಲ್ಲಿ, ಗೋಣಿತಟ್ಟಿನ ಮೇಲೆ, ಚಪ್ಪಲಿ ಹೊಲಿಯುವವರೊಬ್ಬರು ಕೂಡುತ್ತಾರೆ. ಅರವತ್ತರ ಹತ್ತಿರದ ವಯಸ್ಸು. ಅಥಣಿಯ ಚಪ್ಪಲಿ ಎಂದರೆ ನಾಲ್ಕು ಜಿಲ್ಲೆಯವರು ಬಂದು ಒಯ್ಯುತ್ತಾರೆ. ಅಂಥ ಕೈ ಅವರದು. ಜಾಲಿಯ ತೊಗಟೆ ನೆನೆಸಿದ ನೀರಿನಲ್ಲಿ ತೊಗಲನ್ನು ಹದ ಮಾಡುವ ಮನೆತನ. ಅಂಗಡಿ ಎಂದರೆ ಆ ಗಿಡದ ನೆರಳೇ. ತಗಡಿಲ್ಲ, ಬೋರ್ಡಿಲ್ಲ. ಅಲ್ಲಿ ಟೇಪು ಹಿಡಿದು ಗಿಡವನ್ನು ಅಪ್ಪಿಕೊಂಡು ನಿಂತ ನನ್ನನ್ನು ಅವರು ಸ್ವಲ್ಪ ಹೊತ್ತು ನೋಡಿದರು.

“ಮಾಸ್ತರ, ಅಳತಿ ಎದಿಮಟ್ಟ ಯಾಕ ತಗೋತೀರಿ? ಕಾಲಿಂದ ತಗೊಳ್ರಿ. ಗಿಡ ನಿಂತಿರೂದು ಕಾಲ ಮ್ಯಾಲ.”

ನಾನು ವಿಜ್ಞಾನದ ಪದ್ಧತಿಯನ್ನು ಅವರಿಗೆ ವಿವರಿಸಿದೆ. ಅವರು ಕೈಯಲ್ಲಿದ್ದ ಚಪ್ಪಲಿಯ, ಹೆಬ್ಬೆರಳು ತೂರಿಸುವ ಉಂಗುಷ್ಟದ ಹೊಲಿಗೆ ಮುಗಿಯುವ ತನಕ ಕೇಳಿಸಿಕೊಂಡು, ಹಂಗಾದ್ರ ಆಗಲಿ ಎಂದರು. ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದರು. ನಾನು ಕಾಂಡದ ಮೇಲೆ ದುಂಡಗೆ ೪೭ ಎಂದು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದೆ. ಯಾಕೆ ಬರೆದೆ ಎಂದು ಮಾತ್ರ ಹೇಳಲಿಲ್ಲ. ಪಾಠದ ಪದ್ಧತಿ ಹೇಳಿ ಪಾಠವನ್ನೇ ಬಿಡುವುದು ನನ್ನ ಹಳೆಯ ಚಾಳಿ.

ಎರಡು ದಿನ ಬಿಟ್ಟು ಹೋದರೆ ಅಂಕಿ ಇಲ್ಲ. ಅಂಗೈಯಷ್ಟು ಜಾಗದಲ್ಲಿ ತೊಗಟೆ ತೆಳುವಾಗಿ, ತಿಳಿಬಣ್ಣವಾಗಿ ಕಾಣುತ್ತಿತ್ತು. ಅವರು ತಲೆ ಎತ್ತದೆ ನೂಲಿಗೆ ಮೇಣ ತಿಕ್ಕುತ್ತಿದ್ದರು. ಕೇಳಿದೆ. ನಿನ್ನೆ ಗಾಳಿ ಜೋರಿತ್ತಲ್ಲ ಎಂದರು. ನಾನು ಮತ್ತೆ ಬರೆದೆ. ನಾಲ್ಕನೆಯ ದಿನ ಅದೂ ಮಾಯ. ಈ ಸಲದ ಅಪರಾಧಿ ಅಳಿಲು. ಅಳಿಲುಗಳ ಬಗ್ಗೆ ನಾನು ಹತ್ತಾರು ವರ್ಷ ಪಾಠ ಮಾಡಿದ್ದೇನೆ. ಅಂಕಿ ಓದಿ ಅದನ್ನಷ್ಟೇ ಕೆರೆಯುವ ಜಾತಿ ನಮ್ಮ ಪಠ್ಯದಲ್ಲಿರಲಿಲ್ಲ. ಹತ್ತಿರ ಹೋಗಿ ಬೆರಳಾಡಿಸಿ ನೋಡಿದೆ. ಒಂದೇ ಎಳೆತದಲ್ಲಿ ಓರೆಯಾಗಿ ಹೆರೆದ ಗುರುತು, ಎಲ್ಲಿಯೂ ಹಸಿ ತೊಗಟೆ ಮುಟ್ಟಿರಲಿಲ್ಲ. ಇಂಥ ಕೊಯ್ತ ಬರುವುದು ತೊಗಲು ಹೆರೆಯುವ ರಂಪಿಗೆಯಿಂದ, ಅದೂ ಪಳಗಿದ ಕೈಯಲ್ಲಿದ್ದಾಗ. ಅವರ ಗೋಣಿತಟ್ಟಿನ ಅಂಚಿನಲ್ಲಿ ಕೆಂಪು ಬಣ್ಣ ಮೆತ್ತಿದ ತೊಗಟೆಯ ಚೂರೊಂದು ಬಿದ್ದಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಮೂರನೆಯ ಸಲ ಬರೆಯಲು ನಾನು ತಡ ಮಾಡಿದೆ. ಅಷ್ಟರಲ್ಲಿ ಎಂಜಿನಿಯರ್ ಬಾಯಿಯ ಫೋನು ಬಂತು. ನಾಳೆ ಬೆಳಗ್ಗೆ ಬಸ್ ಸ್ಟ್ಯಾಂಡಿನಿಂದ ನಡೆಯುತ್ತ ಬರುತ್ತೇನೆ, ಪುಸ್ತಕ ತನ್ನಿ.

ಮರುದಿನ ಬೆಳಗ್ಗೆ ಅವರು ಮೊದಲ ಗಿಡಗಳನ್ನು ನೋಡತೊಡಗುವ ಹೊತ್ತಿಗೆ, ಪುಸ್ತಕದ ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಸಮಿತಿಯ ಇಬ್ಬರೂ ಡಬ್ಬಿ ಸಮೇತ ಹುಣಸೆಯ ಕಡೆ ಧಾವಿಸಿದೆವು. ನಮ್ಮ ವಯಸ್ಸಿನಲ್ಲಿ ಧಾವಿಸುವುದೆಂದರೆ ನಡುವೆ ಎರಡು ಕಡೆ ಕೂಡುವುದು. ಹೋದವನೇ ಕುಂಚ ಅದ್ದಿ ನಾಲ್ಕು ಬರೆದೆ. ನಾಲ್ಕು ಕೆಳಗೆ ಜಾರಿತು. ಏಳು ಬರೆದೆ. ಅದು ನಾಲ್ಕನ್ನು ಹಿಂಬಾಲಿಸಿತು. ಕಾಂಡವನ್ನು ಮುಟ್ಟಿ ನೋಡಿದರೆ ಬೆರಳು ಜಿಡ್ಡಾಯಿತು. ಹೊಸ ಚಪ್ಪಲಿ ಮೆತ್ತಗಾಗಲೆಂದು ಹಚ್ಚುವ ಔಡಲೆಣ್ಣೆಯನ್ನು ಅವರು ಆ ಜಾಗದ ಸುತ್ತ ಎರಡು ಮೊಳದಷ್ಟು ತಿಕ್ಕಿ ಕುಡಿಸಿದ್ದರು. ನನ್ನ ಗೇಟಿನ ಬಣ್ಣ ಅದರ ಮೇಲೆ ನಿಲ್ಲುವ ಸಂಭವವೇ ಇರಲಿಲ್ಲ.

“ಕಾಯ್ ಕೇಲಂ ಹೇ?” ಎಂದರು ಕಾರ್ಯದರ್ಶಿಗಳು, ಇದೇನು ಮಾಡಿಬಿಟ್ಟಿರಿ ಎಂಬರ್ಥದಲ್ಲಿ. ಸಭೆ ಮರಾಠಿಗೆ ಹೊರಳಿತ್ತು.

ಚಪ್ಪಲಿಯವರು ರಂಪಿಗೆಯನ್ನು ಪಕ್ಕಕ್ಕಿಟ್ಟರು. ಇನ್ನು ಗಾಳಿ, ಅಳಿಲುಗಳ ಹೆಸರು ಹೇಳಲಿಲ್ಲ.

“ನಾನ ತಗದೀನ್ರಿ. ಮ್ಯಾಲಿನ ಸತ್ತ ತೊಗಲ ಅಷ್ಟ. ಜೀವಕ್ಕ ಮುಟ್ಟಿಸಿಲ್ಲ.”

ಯಾಕೆಂದು ಕೇಳಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಮೊದಲು ತನಗೊಂದು ಡಬ್ಬಿ ಅಂಗಡಿ ಇತ್ತು ಎಂದರು. ಯಾರೋ ಬಂದು ಅದರ ಬಾಗಿಲಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದುಹೋದರಂತೆ. ಇವರು ಏನೋ ಒಳ್ಳೆಯದಕ್ಕೇ ಇರಬೇಕೆಂದು ಅಂಕಿಗೆ ಊದುಬತ್ತಿಯನ್ನೂ ಬೆಳಗಿದರಂತೆ. ಎಂಟು ದಿನಕ್ಕೆ ಜೆಸಿಬಿ ಬಂತು. ಆವತ್ತಿನಿಂದ ಈ ಹುಣಸೆಯ ಬುಡ. ಇದೂ ಹೋದರೆ ಊರಲ್ಲಿ ತನ್ನನ್ನು ಕೂಡಗೊಡುವ ಇನ್ನೊಂದು ನೆರಳಿಲ್ಲ. ಬಿಸಿಲಲ್ಲಿ ತೊಗಲು ಸೆಟೆದು ನಿಲ್ಲುತ್ತದೆ, ಹೊಲಿಗೆ ಹಿಡಿಯುವುದಿಲ್ಲ.

ಈ ಅಂಕಿ ಗಿಡವನ್ನು ಕಡಿಯಲು ಹಾಕಿದ್ದಲ್ಲ, ಉಳಿಸಲು ಹಾಕಿದ್ದು ಎಂದು ನಾನು ಆಗ ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದೆ. ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು.

“ನಿಮ್ಮ ಮಾತು ನಂಬತೀನ್ರಿ ಮಾಸ್ತರ. ನಿಮ್ಮ ಬಣ್ಣ ನಂಬೂದಿಲ್ಲ.”

ನೀಲಿ ಬಣ್ಣ ಬಳಸಿದ್ದರೆ ಈ ಮಾತು ಕೇಳಬೇಕಾಗುತ್ತಿರಲಿಲ್ಲ ಎಂದು ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ ಮರಾಠಿಯಲ್ಲೇ ದಾಖಲಿಸಿದರು. ಆಮೇಲೆ ಚಪ್ಪಲಿಯವರ ಎದುರು ಕುಳಿತು ಪುಸ್ತಕ ಬಿಚ್ಚಿ ಬೆರಳಿಟ್ಟು ತೋರಿಸಿದರು. ನಲವತ್ತಾರು ಬೇವು, ನಲವತ್ತೇಳು ಹುಣಸೆ, ನಲವತ್ತೆಂಟು ಬಸರಿ. ಕಾರ್ಯದರ್ಶಿಗಳು ಸೇವೆಯ ಕೊನೆಯ ವರ್ಷಗಳಲ್ಲಿ ಅಥಣಿಯ ಅರ್ಧ ಜನಕ್ಕೆ ಮನಿಯಾರ್ಡರು ಮುಟ್ಟಿಸಿದವರು. ಅವರು ಬೆರಳಿಟ್ಟ ಕಡೆ ಜನ ಇಂದಿಗೂ ಸಹಿ ಮಾಡುತ್ತಾರೆ. ಬಾಯಿ ಬರುವಷ್ಟರಲ್ಲಿ ಗಿಡದ ಮೇಲೆ ಅಂಕಿ ಕಾಣದಿದ್ದರೆ ಚರಂಡಿ ಈ ಬೇರಿನ ನಡುವೆ ಹಾಯುತ್ತದೆ ಎಂದು ಅವರು ಅಚ್ಚ ಕನ್ನಡದಲ್ಲಿ ಹೇಳಿದರು.

ಚಪ್ಪಲಿಯವರು ಪುಸ್ತಕದ ನಲವತ್ತೇಳರ ಮೇಲೆ ತಾವೂ ಬೆರಳಿಟ್ಟು ನೋಡಿದರು. ಆಮೇಲೆ ಕಾಯುತ್ತ ನಿಂತಿದ್ದ ಗಿರಾಕಿಗೆ, ನಿಮ್ಮ ಜೋಡು ಮಧ್ಯಾಹ್ನಕ್ಕೆ ಎಂದು ಹೇಳಿ ಕಳಿಸಿ, ಚೀಲದಿಂದ ಎರಡು ಬೆರಳಗಲದ ತೊಗಲಿನ ಪಟ್ಟಿಗಳನ್ನು ಎಳೆದು ಹಾಕಿದರು. ಹುರಿಯಿಂದ ಗಿಡದ ಸುತ್ತಳತೆ ತೆಗೆದರು. ಸುತ್ತಿ ಬರಲು ನನ್ನ ಕೈಗೇ ಹುರಿಯ ತುದಿ ಕೊಟ್ಟರು. ನಾನು ಪುಸ್ತಕದಲ್ಲಿ ಬರೆಸಿದ್ದ ಅಳತೆ ನಾಲ್ಕು ಬೆರಳು ಕಡಿಮೆ ಎಂದು ಗೊತ್ತಾಯಿತು. ಕಾರ್ಯದರ್ಶಿಗಳು ಅದನ್ನು ಅಪಾರ ಸಂತೋಷದಿಂದ ತಿದ್ದಿದರು.

ಐದು ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದದ್ದು, ಅಂಗೈಯಷ್ಟು ಗಟ್ಟಿ ತೊಗಲು ಕೊಯ್ದು ಅದರ ಮೇಲೆ ತೆಳು ತೊಗಲಿನ ನಾಲ್ಕು, ಏಳು ಕೂಡಿಸಿದ್ದು, ಎಲ್ಲವೂ ನಾವು ನೋಡನೋಡುತ್ತಿದ್ದಂತೆ ಆಯಿತು. ಏಳರ ಬಾಲವನ್ನು ಮಾತ್ರ ಎರಡು ಸಲ ಕೊಯ್ದರು. ಮೊದಲನೆಯದು ಸೊಟ್ಟ ಎಂದು ಅವರಿಗನ್ನಿಸಿತು. ರಸ್ತೆಯ ಆ ತುದಿಯಲ್ಲಿ ಬಾಯಿಯ ಛತ್ರಿ ಕಾಣಿಸಿಕೊಂಡಿತ್ತು. ಅವಸರ ಮಾಡಿ ಎಂದೆ. ಅವಸರದಲ್ಲಿ ಹೊಲಿದ ಜೋಡನ್ನು ನೀವು ಮೆಟ್ಟುತ್ತೀರಾ ಎಂದು ಅವರು ತಲೆ ಎತ್ತದೆ ಕೇಳಿದರು. ಪಟ್ಟಿಯ ತುದಿಯಲ್ಲಿ ದಬ್ಬಣದಂಥ ಆರಿಯಿಂದ ಒಂದರ ಹಿಂದೊಂದು ಒಂಬತ್ತು ತೂತು ಹಾಕಿ, ಹಳೆಯ ಬೆಲ್ಟಿನ ಹಿತ್ತಾಳೆ ಕೊಂಡಿ ಕೂಡಿಸಿ, ಗಿಡದ ಸೊಂಟಕ್ಕೆ ಸಡಿಲವಾಗಿ ಕಟ್ಟಿ, ಅಂಕಿಯನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಗಿಡ ಕೆಲಸಕ್ಕೆ ಹೊರಟ ಪೊಲೀಸನಂತೆ ಕಾಣುತ್ತಿತ್ತು.

ಬಾಯಿ ಬಂದರು. ಪ್ರತಿ ತೆಗೆದು ನೋಡಿದರು, ಗಿಡ ನೋಡಿದರು, ಮತ್ತೆ ಪ್ರತಿ ನೋಡಿದರು.

“ಉಳಿದದ್ದಕ್ಕೆಲ್ಲ ಬಣ್ಣದಲ್ಲಿ ಬರೆದಿದ್ದೀರಿ, ಇದಕ್ಕೆ ಯಾಕಿಲ್ಲ ಸರ್?”

ಬಣ್ಣ ನಿಲ್ಲಲಿಲ್ಲ ಎಂದೆ. ಅವರು ಕಾಂಡವನ್ನು ಮುಟ್ಟಿ ಬೆರಳು ಮೂಸಿ, ಇದೇನು ಎಣ್ಣೆ ಎಂದರು. ತೊಗಲು ಒಡೆಯಬಾರದೆಂದು ಹಚ್ಚಿದ್ದೇನೆ ಎಂದರು ಚಪ್ಪಲಿಯವರು. ಅದು ಸುಳ್ಳೂ ಅಲ್ಲ. ಬಾಯಿ ಬೆಲ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕೊಂಡಿಯ ಹತ್ತಿರ ನಿಂತರು.

“ಇಷ್ಟೊಂದು ತೂತು ಯಾಕೆ ಕಾಕಾ?”

“ಅದು ಬೆಳೀತೈತ್ರಿ ಮೇಡಮ್ಮಾರ. ವರ್ಷಾ ವರ್ಷಾ ಬಿಡಬೇಕ.”

ಅವರು ಒಂಬತ್ತನ್ನೂ ಬೆರಳಿನಿಂದ ಎಣಿಸಿದರು. ಎಣಿಸಿ, ಹೆಂಗಸರು ಬಳೆ ಕೊಳ್ಳುವಾಗ ನಗುತ್ತಾರಲ್ಲ ಹಾಗೆ ಸಣ್ಣಗೆ ನಕ್ಕು, ತಾಳೆಯಾಯಿತು ಎಂದು ಗುರುತು ಹಾಕಿದರು.

ಮಾತು ಅಷ್ಟಕ್ಕೇ ಮುಗಿಯಬಹುದಾಗಿತ್ತು. ಚಪ್ಪಲಿಯವರು ಎದ್ದು ನಿಂತು, ಗಿಡಕ್ಕೆ ನಂಬರ್ ಬಂತು, ಇದರ ಬುಡಕ್ಕೆ ಕೂತವನದು ಹೇಗೆ ಎಂದು ನಿಧಾನಕ್ಕೆ ಕೇಳಿದರು. ಬಾಯಿ ಪುಸ್ತಕದ ಪ್ರತಿಯನ್ನು ತಿರುವಿ ನೋಡಿದರು. ಗಿಡಗಳ ಪುಸ್ತಕದಲ್ಲಿ ಮನುಷ್ಯರಿಗೆ ಕಾಲಂ ಇಲ್ಲವಲ್ಲ ಎಂದರು. ಆಗ ನಮ್ಮ ಕಾರ್ಯದರ್ಶಿಗಳು ಪೆನ್ನಿನ ಟೊಪ್ಪಿಗೆ ತೆಗೆದು, ಕೊನೆಗೆ ಷರಾ ಎಂಬ ಖಾಲಿ ಕಾಲಂ ಇರುವುದನ್ನು ತೋರಿಸಿ, ತಮ್ಮ ಅಂಚೆ ಇಲಾಖೆಯ ಅಕ್ಷರದಲ್ಲಿ ಬರೆದರು: ‘ಬುಡದಲ್ಲಿ ಚಪ್ಪಲಿ ಹೊಲಿಯುವವರು ಒಬ್ಬರು ಇದ್ದಾರೆ. ಗಿಡದ ಜೊತೆಗೆ ಅವರನ್ನೂ ಕದಲಿಸತಕ್ಕದ್ದಲ್ಲ.’ ಬಾಯಿ ಎರಡು ಸಲ ಓದಿದರು. ‘ತಕ್ಕದ್ದಲ್ಲ’ ಎಂಬ ಪದದ ಮುಂದೆ ಸರಕಾರಿ ನೌಕರರು ಮಣಿಯುತ್ತಾರೆಂಬುದು ಕಾರ್ಯದರ್ಶಿಗಳ ಸಿದ್ಧಾಂತ. ಬಾಯಿ ಪಕ್ಕದಲ್ಲಿ ಸಣ್ಣ ಸಹಿ ಮಾಡಿ ನಲವತ್ತೆಂಟಕ್ಕೆ ಹೊರಟರು.

ಚರಂಡಿ ಆಯಿತು. ಹುಣಸೆಯ ಹತ್ತಿರ ಬಂದಾಗ ಅದು ಗೌರವದಿಂದ ಬಳಸಿಕೊಂಡು ಹೋಗಿದೆ. ಬಳಸಿದ ಜಾಗಕ್ಕೆ ಕಾಂಕ್ರೀಟಿನ ಹಾಸು ಮುಚ್ಚಿದ್ದಾರೆ, ಮೂರಡಿ ಅಗಲ, ನೆಲಕ್ಕಿಂತ ಒಂದು ಗೇಣು ಎತ್ತರ, ಪೂರ್ತಿ ನೆರಳು. ಚಪ್ಪಲಿಯವರು ಗೋಣಿತಟ್ಟು ಒಯ್ದು ಅದರ ಮೇಲೆ ಹಾಸಿಕೊಂಡಿದ್ದಾರೆ. ಈಗ ಗಿರಾಕಿಗಳು ಕೆಳಗೆ ನಿಂತು ಮಾತಾಡಬೇಕು. ಕಾಗವಾಡದಿಂದ, ಶಿರಗುಪ್ಪಿಯಿಂದ ಬಂದವರು ಇದೇನು ಕಟ್ಟೆ ಎಂದರೆ, ಸರಕಾರ ನನಗಂತ ಕಟ್ಟಿಸೇತಿ, ಅದರ ಬುಡಕ್ಕ ನೀರ ಹರೀತೈತಿ ಅಷ್ಟ ಎಂದು ಹೇಳುತ್ತಾರೆ. ಮೊನ್ನೆ ನಾನು ಜೋಡು ರಿಪೇರಿಗೆ ಕೊಡಲು ಹೋದಾಗ, ಅವರು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ತೋರಿಸಿದರು. ಕುಳಿತೆ. ಜೋಡಿನ ಅಟ್ಟೆ ತಿರುಗಿಸಿ ನೋಡಿ, ಇದು ಅಥಣಿಯಲ್ಲಿ ಹೊಲಿದದ್ದಲ್ಲ ಎಂದರು. ಹೌದು, ಚಿಕ್ಕೋಡಿಯಲ್ಲಿ ಕೊಂಡದ್ದು ಎಂದು ಒಪ್ಪಿಕೊಂಡೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಬಿಳಿ ಹಾಳೆ ಹಾಸಿ, ನನ್ನ ಪಾದವನ್ನು ಅದರ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ಲಿನ ಗೆರೆ ಎಳೆಯತೊಡಗಿದರು.