ನೀರಿನ ಪಾಳಿಯ ದೇವರು

ಅವತ್ತು ನೀರಿನ ಪಾಳಿ ಫಕ್ರುಸಾಬನದು. ಅಂದರೆ ನನ್ನ ಗಂಡ ಚನ್ನವೀರಪ್ಪ ದೇವರಿಲ್ಲ ಅನ್ನಬೇಕಾದ ದಿನ.

ಸವಣೂರಿನ ಹೊರಗೆ ಅವರಿಬ್ಬರ ವೀಳ್ಯದೆಲೆ ಬಳ್ಳಿಯ ತೋಟಗಳು ಒಂದಕ್ಕೊಂದು ಹತ್ತಿ ಇವೆ. ಬೋರು ಒಂದೇ. ಒಂದು ದಿನ ನೀರು ಅವನಿಗೆ, ಮರುದಿನ ನಮಗೆ. ನಾನು ಲಗ್ನವಾಗಿ ಬರುವ ಮೊದಲೇ ಇಬ್ಬರೂ ಒಂದು ಕಾಯಿದೆ ಮಾಡಿಕೊಂಡಿದ್ದರು. ನೀರಿದ್ದವನು ದೇವರಿದ್ದಾನೆ ಅನ್ನಬೇಕು, ನೀರಿಲ್ಲದವನು ಇಲ್ಲ ಅನ್ನಬೇಕು. ಇಬ್ಬರಿಗೂ ಓದು ಕಡಿಮೆ, ಬಾಯಿ ದೊಡ್ಡದು.

“ಬರೇ ಪೈಪಿನ ಹಿಂದ ಪೈಪ, ಪೈಪಿನ ಹಿಂದ ಪೈಪ ಇದ್ರ ನೀರು ಬರತೈತೇನೋ?” ಅಂದ ಫಕ್ರುಸಾಬ. “ಎಲ್ಲೋ ಒಂದು ಕಡೆ ಮೋಟರ್ ಇರಬೇಕು. ಅಂವನೇ ದೇವರು.”

“ಮೋಟರಿಗೆ ಕರೆಂಟ್ ಯಾರು ಕೊಟ್ರು?”

“ದೇವರಿಗೆ ಕರೆಂಟ್ ಬ್ಯಾಡಲೇ. ಅದಕ್ಕ ಅಂವ ದೇವರು.”

“ಹಂಗಾರ ಎಲಿಗೆ ಕೊಳೆರೋಗ ಕಳಿಸಿದಾಂವ ಯಾರು? ಅಂವನೇ ಏನು? ದೇವರೂ ಇಲ್ಲ, ಗೀವರೂ ಇಲ್ಲ, ಹೋಗಲೇ!”

ಆ ಕೂಗು ಬೇಲಿಯ ಆಚೆ ನಿಂತಿದ್ದ ಗುತ್ತೆಪ್ಪ ಭಾವನ ಕಿವಿಗೆ ಬಿತ್ತು. ನನ್ನ ಗಂಡನ ಅಣ್ಣ, ಹಾನಗಲ್ಲಿನಿಂದ ಆಗಷ್ಟೇ ಬಂದಿದ್ದರು. ರಾತ್ರಿ ಊಟಕ್ಕೆ ಕೂತವರು ಅರ್ಧ ರೊಟ್ಟಿಗೇ ಕೈ ತೊಳೆದರು. ಬದನೆಕಾಯಿ ಪಲ್ಯ ಕೆಟ್ಟಿದೆಯೇನೋ ಎಂದುಕೊಂಡೆ.

ಬೆಳಗಾಯಿತು. “ಏಳ್ರಿ, ಇವತ್ತು ನೀರು ನಮ್ದು” ಎಂದು ಗಂಡನನ್ನು ಅಲುಗಾಡಿಸಿದೆ. ಏಳಲಿಲ್ಲ. ಹಾರ್ಟು ಅಂದರು ಡಾಕ್ಟರು.

ನಮ್ಮ ಲಿಂಗಾಯತರಲ್ಲಿ ಹೋದವರನ್ನು ಕೂರಿಸಿ, ಕೊರಳಲ್ಲಿ ಕಟ್ಟಿದ್ದ ಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಭಾವ ಅಡ್ಡ ನಿಂತರು.

“ಇಂವನ ಕೈಯಾಗ ಲಿಂಗ ಕೊಡಬ್ಯಾಡ್ರಿ. ದೇವರಿಲ್ಲ ಅಂದಾನ. ನಾ ನಿನ್ನೆ ಕೇಳೇನಿ.”

“ಸಾಯೋತನಕ ಕೊರಳಾಗ ಕಟ್ಯಾರಲ್ರಿ” ಅಂದೆ.

“ಕೊರಳಾಗ ಇದ್ದು ಬಾಯಾಗ ಇಲ್ಲಂದ್ರ?”

ನನಗೆ ಅಳು ನಿಂತು ಸಿಟ್ಟು ಬಂತು; ಕಾಯಿದೆಯ ಮಾತು ಹೊಳೆಯಲೇ ಇಲ್ಲ. ಬರಿಗೈಯಲ್ಲಿ ಕಳಿಸುವುದಾದರೆ ನಾನೂ ಕುಣಿಗೆ ಇಳಿಯುತ್ತೇನೆ ಎಂದೆ. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಲಿಂಗ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದರು.

ಅಷ್ಟರಲ್ಲಿ ಫಕ್ರುಸಾಬ ಕೆಸರುಗಾಲಲ್ಲೇ ಓಡಿ ಬಂದ. ಸಂಗತಿ ಕೇಳಿದ. ಕಾಯಿದೆಯನ್ನೆಲ್ಲ ಬಿಡಿಸಿ ಹೇಳಿದ.

“ನಿನ್ನೆ ನೀರು ನಂದಿತ್ರಿ. ಅದಕ್ಕ ಇಲ್ಲಂದ. ಇವತ್ತು ಅಂವಂದು. ಇವತ್ತು ಅಂವ ಐತಿ ಅನ್ನಾಂವ, ನಾ ಇಲ್ಲ ಅನ್ನಾಂವ.”

“ಇದೇನು ಹುಡುಗಾಟ್ಗಿ!” ಅಂದರು ಭಾವ. “ಖರೇ ಅಂದ್ರ ಮನಸ್ನ್ಯಾಗ ಏನಿತ್ತು ಅಂವಗ?”

“ಇಲ್ಲ ಅನ್ನೋ ದಿನ ಯಾವತ್ತೂ ಸೋಲ್ತಿದ್ದ ನೋಡ್ರಿ. ಸೋತು ನಗ್ತಿದ್ದ. ಐತಿ ಅನ್ನೋ ದಿನ ಮಾತ್ರ ನನ್ನ ಕುತಿಗಿ ಹಿಡೀತಿದ್ದ. ನೀವ ಲೆಕ್ಕ ಹಾಕ್ರಿ.” ಮೂಗು ಒರೆಸಿಕೊಂಡ. “ಕೊಡ್ರಿ ಕೈಯಾಗ. ಮುಂದ ನಾ ಹ್ವಾದಾಗ ಅಲ್ಲಿ ಜಗಳಕ್ಕ ಬೇಕಲ್ಲ ಅಂವ.”

ಭಾವನ ಬಾಯಿಂದ ನಗು ಹೊರಟೇಬಿಟ್ಟಿತು. ಆಮೇಲೆ ಅತ್ತರು. ಅಯ್ಯನವರು ಲಿಂಗ ಇಟ್ಟರು. ಬೆರಳು ಒಂದೊಂದಾಗಿ ಮಡಚಿದವರು ಭಾವನೇ.

ದೇವರಿದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಇದ್ದರೆ ನನ್ನ ಗಂಡನನ್ನು ಇಷ್ಟು ಬೇಗ ಯಾಕೆ ಒಯ್ದ ಎಂದು ಕೇಳುವುದಿದೆ. ಕೇಳುತ್ತೇನೆ, ಬಿಡುವುದಿಲ್ಲ.

ಈಗ ದಿನಾ ಬೆಳಿಗ್ಗೆ ಎದ್ದು ನಾನೇ ತೋಟಕ್ಕೆ ಹೋಗುತ್ತೇನೆ. ಹೊಸ ಕುಡಿಗಳು ಜೋತು ಬಿದ್ದಿರುತ್ತವೆ. ಒಂದೊಂದನ್ನೂ ಎತ್ತಿ ಬಳ್ಳಿ ಹಬ್ಬಿಸಿದ ನುಗ್ಗೆಗಿಡಕ್ಕೆ ಬಾಳೆನಾರಿನಿಂದ ಕಟ್ಟುತ್ತೇನೆ. ಬಿಗಿಯಾಗಿ ಕಟ್ಟಬಾರದು, ಕುಡಿ ಮುರಿಯುತ್ತದೆ.